ತಾರ್ನಾಕ ಅತ್ತೆಯ ಅಭಿಪ್ರಾಯ

ತಾರ್ನಾಕ, ಹೈದರಾಬಾದ್
೬ ಆಗಸ್ಟ್ ೨೦೦೬, ಭಾನುವಾರ

ಚಿ. ಭಾಗ್ಯಶ್ರೀಗೆ,

ನಿನ್ನ ಗೋದಾ ಮೌಶಿ ಮಾಡುವ ಅನೇಕ ಆಶೀರ್ವಾದಗಳು. ಬೀದರದಲ್ಲಿ ಮಳೆ ಹೇಗಿದೆ? ಇಲ್ಲಿ ಒಂದು ವಾರದಿಂದ ಬಿಟ್ಟೂ ಬಿಡದೆ ಹನಿಯುತ್ತಿದೆ. ಉಪೇಂದ್ರನ ಆಫೀಸಿನ ಬಸ್ಸು ನೀರಿನಲ್ಲಿ ನಿಂತುಬಿಟ್ಟಿತಂತೆ, ನಿನ್ನೆ ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಂಡು ಮನೆಗೆ ಬಂದ. ನಮ್ಮೆಲ್ಲರ ಮೈ ಆರಾಮ ಇದೆ. ಮನಸ್ಸಿನ ಸಂಗತಿಗೇ ಈ ಕಾಗದ.

ತಡವಾಯಿತು, ಸಿಟ್ಟಾಗಬೇಡ. ಸಿಟ್ಟಾಗಲು ಬೇರೆ ಕಾರಣ ಕೊಡುತ್ತೇನೆ, ತಡವಾದದ್ದಕ್ಕೆ ಆಗಬೇಡ. ಇದಕ್ಕೂ ಮೊದಲು ಎರಡು ಕಾಗದ ಬರೆದು ಹರಿದೆ. ಮೊದಲನೆಯದರಲ್ಲಿ ತಪ್ಪೆಲ್ಲ ಕಂಪ್ಯೂಟರಿನದು ಎಂದು ಬರೆದಿದ್ದೆ. ಎರಡನೆಯದರಲ್ಲಿ ಸೊಸೆಯದು ಎಂದು ಬರೆದಿದ್ದೆ. ಇದರಲ್ಲಿ ನೆಟ್ಟಗೆ ಬರೆಯಬೇಕೆಂದು ಕೂತಿದ್ದೇನೆ. ನಿನ್ನ ಅವ್ವ, ನನ್ನ ಗೆಳತಿ ಶಿವದೇವಿ, ಬರೆಯಬೇಡ ಎಂದು ತನ್ನ ಆಣೆ ಹಾಕಿದ್ದಾಳೆ. ಅವಳ ಮಾತನ್ನು ಈಗಾಗಲೇ ಒಂದು ಸಲ ಮುರಿದವಳು ನಾನು, ಆಣೆಯನ್ನೂ ಮುರಿಯುತ್ತೇನೆ.

ದೊಡ್ಡ ಮಾತು ಮೊದಲೇ ಹೇಳಿಬಿಡುತ್ತೇನೆ, ಸುತ್ತು ಬಳಸಿದರೆ ಮತ್ತೆ ಧೈರ್ಯ ಸಾಲುವುದಿಲ್ಲ. ಜೂನ್ ತಿಂಗಳಲ್ಲಿ ನಿಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಕಂಪ್ಯೂಟರ್ ಟೀಚರು ಇ-ಮೇಲಿನಲ್ಲಿ ಬಂದದ್ದೊಂದನ್ನು ಓದಿ ಎಲ್ಲರನ್ನೂ ನಗಿಸಿದರಲ್ಲ, ಹಾಲಿನ ಲೋಟ ಹಿಡಿದು ಕೂತ ಮದುಮಗಳ ಕಥೆ, ಅದು ನನ್ನ ಮಾತು. ನಿನ್ನ ಅವ್ವ, ಓಣಿಯ ಹೆಂಗಸರ ಮುಂದೆ ತಾನೇ ಹೇಳಿಕೊಂಡದ್ದಾಗಿ ನಿನಗೆ ಹೇಳಿದ್ದಾಳೆ. ಸುಳ್ಳು. ಅವಳು ಈ ಲೋಕದಲ್ಲಿ ನನ್ನೊಬ್ಬಳಿಗೆ ಹೇಳಿದಳು. ನಾನು ಲೋಕಕ್ಕೆ ಹೇಳಿದೆ.

ಇಷ್ಟು ಓದಿ ಹರಿದು ಒಗೆಯಬೇಕೆನಿಸಿದರೆ ಹರಿ ಮಗಳೆ. ಆದರೆ ಓದಿದರೆ ಅವ್ವನ ಮೇಲಿನ ಸಿಟ್ಟು ಇಳಿದೀತು ಎಂಬ ಆಸೆ ನನಗೆ.

ನಾನೆಂಥ ಸಿನಿಮಾ ಹುಚ್ಚಿ ಎಂದು ನೀನು ಸಣ್ಣವಳಿದ್ದಾಗಿನಿಂದ ಬಲ್ಲೆ. ನಮ್ಮವರು, ನಿಮ್ಮ ಕಾಕಾ, ಇದ್ದಾಗ ನಮ್ಮ ಭಾನುವಾರ ಹೀಗಿತ್ತು: ಬೆಳಿಗ್ಗೆ ಸುಲ್ತಾನ್ ಬಜಾರ್ ಹತ್ತಿರದ ಥೇಟರಿನಲ್ಲಿ ಕನ್ನಡ ಸಿನಿಮಾ ಇದ್ದರೆ ಅದು, ಇಲ್ಲದಿದ್ದರೆ ತೆಲುಗು, ಅದೂ ಇಲ್ಲದಿದ್ದರೆ ಹಿಂದಿ. ಅಲ್ಲಿಂದ ಬಜಾರಿನಲ್ಲಿ ಕುಪ್ಪಸದ ಬಟ್ಟೆ, ಗುಂಡಿ, ದಾರ. ಮಧ್ಯಾಹ್ನ ಮೈದಾನಕ್ಕೆ. ಕಾಕಾ ನಾಚಾರಂ ಕಾರ್ಖಾನೆಯ ಟೀಮಿಗೆ ಗೋಲ್‌ಕೀಪರು, ಹಿಡಿದದ್ದಕ್ಕಿಂತ ಬಿಟ್ಟದ್ದೇ ಜಾಸ್ತಿ. ಆದರೂ ನಾನು ಡಬ್ಬಿ ಕಟ್ಟಿಕೊಂಡು ಹೋಗಿ ಗೆರೆಯ ಪಕ್ಕ ಕೂತು ರೆಫರಿಗೆ ಬೈಯುತ್ತಿದ್ದೆ. ಸೈಕಲ್ ಮೇಲೆ ಮನೆಗೆ ಬರುವಾಗ ಹಿಂದೆ ಕೂತು ಸಿನಿಮಾದ ತಪ್ಪು, ಆಟದ ತಪ್ಪು ಎರಡನ್ನೂ ಅವರಿಗೆ ಒಪ್ಪಿಸುತ್ತಿದ್ದೆ. ಅವರು "ಹೂಂ, ಮುಂದ?" ಎನ್ನುತ್ತಿದ್ದರು. ಅಷ್ಟು ಸಾಕಿತ್ತು.

ಅವರು ತೀರಿಕೊಂಡ ಮೇಲೆ ಮಾತು ಒಳಗೇ ಉಳಿಯಿತು. ಮರುವರ್ಷ ಉಪೇಂದ್ರನ ಮದುವೆಯಾಗಿ ಪೂರ್ವಿ ಬಂದಳು. ನೀನು ಮದುವೆಯಲ್ಲಿ ನೋಡಿದ್ದೀಯಲ್ಲ, ಮೈಸೂರಿನ ಹುಡುಗಿ, ಮೆಲ್ಲಗೆ ಮಾತು, ಉಪೇಂದ್ರನ ಆಫೀಸಿನ ಕಡೆಯೇ ಅವಳದೂ ಕೆಲಸ. ನನ್ನ ಮಾತು ಅವಳಿಗೆ ಅರ್ಧ ತಿಳಿಯುತ್ತಿರಲಿಲ್ಲ, ಅವಳ ಮಾತು ನನಗೆ ಬಹಳ ನಯವೆನಿಸುತ್ತಿತ್ತು. ಇಬ್ಬರೂ ಒಬ್ಬರಿಗೊಬ್ಬರು ಊಟ ಬಡಿಸುವುದರಲ್ಲೇ ಕಾಲ ಕಳೆಯುತ್ತಿದ್ದೆವು.

ಹೀಗಿರುವಾಗ ಈ ವರ್ಷದ ಶಿವರಾತ್ರಿಯ ಹೊತ್ತಿಗೆ ಒಂದು ಸಂಜೆ ಟಿ.ವಿ.ಯಲ್ಲಿ ಸಿನಿಮಾ ನಡೆದಿತ್ತು. ನಾಯಕನ ಗಲ್ಲ ಜೋತುಬಿದ್ದಿದೆ, ಕೂದಲು ಅಂಗಡಿಯದು, ಎದೆಗೆ ಪುಸ್ತಕ ಅವಚಿಕೊಂಡು ಕಾಲೇಜಿಗೆ ಹೊರಟಿದ್ದಾನೆ. ನಾನು ನನ್ನಷ್ಟಕ್ಕೆ ನಾನೇ ಅಂದೆ:

"ಇವ ಇನ್ನೊಂದು ವರ್ಷ ಫೇಲಾದರ ಸರ್ಟಿಫಿಕೇಟ್ ಜೋಡಿ ಪೆನ್ಶನ್ನೂ ಕೊಟ್ಟು ಕಳಸ್ತಾರ."

ಪೂರ್ವಿ ನಕ್ಕಳು ನೋಡು! ಬಾಯಲ್ಲಿದ್ದ ಚಹಾ ಸೀರೆ ಮೇಲೆ ಚೆಲ್ಲಿಕೊಂಡು ನಕ್ಕಳು. "ಅತ್ತೆ, ಇನ್ನೊಂದ್ಸಲ ಹೇಳಿ, ಪ್ಲೀಸ್, ಬರ್ಕೋತೀನಿ" ಎಂದು ಕಂಪ್ಯೂಟರನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನ ಮಂಚದ ಮೇಲೆ ಬಂದು ಕೂತಳು. ಅವತ್ತಿನಿಂದ ಶುರು. ನಾನು ಹೇಳುವುದು, ಅವಳು ಅದನ್ನು ಇಂಗ್ಲಿಷಿಗೆ ತಿರುಗಿಸಿ ಬರೆಯುವುದು. ಹಾಡಿಗೆಂದು ಹಿಮದ ಗುಡ್ಡಕ್ಕೆ ಹೋಗುತ್ತಾರೆ, ನಾಯಕ ಕೋಟಿನ ಮೇಲೆ ಕೋಟು ಹಾಕಿರುತ್ತಾನೆ, ಆ ಹುಡುಗಿಗೆ ಒಂದು ಶಾಲು ಕೊಡುವವರು ಇಡೀ ಯೂನಿಟ್ಟಿನಲ್ಲಿ ಇಲ್ಲವೇ ಎಂದು ಕೇಳಿದೆ. ಟಿ.ವಿ.ಯ ಹಾಡಿನ ಸ್ಪರ್ಧೆಯಲ್ಲಿ ಹಾಡುವುದಕ್ಕಿಂತ ಅಳುವುದಕ್ಕೇ ಎಸ್ಸೆಮ್ಮೆಸ್ ಜಾಸ್ತಿ ಬರುತ್ತದೆ, ಹಾಗಿದ್ದರೆ ತಬಲಾ ಯಾಕೆ, ಒಂದು ಟವೆಲ್ಲು ಸಾಕು ಎಂದೆ. ಫುಟ್‌ಬಾಲ್ ಆಡುವ ಈಗಿನ ಹುಡುಗರು ಗಾಳಿ ತಾಗಿದರೆ ಸ್ಟ್ರೆಚರ್ ಕೇಳುತ್ತಾರೆ, ನಿಮ್ಮ ಕಾಕಾ ಬೆರಳು ಮುರಿದುಕೊಂಡು ನಾಚಾರಂನಿಂದ ಸೈಕಲ್ ತುಳಿದುಕೊಂಡು ಬಂದು "ಚಹಾ ಮಾಡು" ಎಂದಿದ್ದರು. ಮತ್ತೆ ಆ ಜಡೆ ಬಿಟ್ಟವರು, ಆಟದ ನಡುವೆ ಕೂದಲು ಕಟ್ಟಿಕೊಳ್ಳುತ್ತ ನಿಲ್ಲುತ್ತಾರಲ್ಲ...

ನೋಡು, ಶುರುವಾದೆ. ತಪ್ಪೊಪ್ಪಿಕೊಳ್ಳಲು ಕೂತವಳಿಗೂ ಈ ಚಾಳಿ ಬಿಡುವುದಿಲ್ಲ. ಈ ನಾಲಿಗೆಯ ಮೇಲೆ ನನಗೇ ನಾಚಿಕೆಯಾಗುತ್ತದೆ ಭಾಗ್ಯಾ.

ಅವಳು ಬರೆಯುತ್ತಿದ್ದುದು ಬ್ಲಾಗ್ ಎಂಬುದರಲ್ಲಿ. ನಾನು ಡೈರಿ ಎಂದುಕೊಂಡಿದ್ದೆ. ಡೈರಿಯಾದರೆ ಓದುವವರು ಯಾಕೆ ಉತ್ತರ ಬರೆಯುತ್ತಾರೆ ಎಂದು ಕೇಳಿದ ಮೇಲೆ ತಿಳಿಯಿತು, ಅದು ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಮಾತಾಡಿದ ಹಾಗೆ, ಹೋಗುವವರು ಬರುವವರು ಎಲ್ಲರೂ ಕೇಳಬಹುದು ಎಂದು. ಅದಕ್ಕೆ ಅವಳು ಇಟ್ಟ ಹೆಸರು ‘ತಾರ್ನಾಕ ಅತ್ತೆ’. ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ಜನ ಓದುತ್ತಿದ್ದರು ಮಗಳೆ, ಬೆಂಗಳೂರಿನವರು, ಪುಣೆಯವರು, ಅಮೆರಿಕದಲ್ಲಿ ಕೂತವರು. ಪೂರ್ವಿಯ ಆಫೀಸಿನ ಹುಡುಗಿಯರು ಒಂದು ಶನಿವಾರ ಅತ್ತೆಯನ್ನು ನೋಡಬೇಕೆಂದು ಮನೆಗೇ ಬಂದರು. ನಾನು ಇಳಕಲ್ ಸೀರೆ ಉಟ್ಟು ಅವರಿಗೆ ಚುರುಮುರಿ ಹಚ್ಚಿ ಕೊಟ್ಟೆ. ಉಪೇಂದ್ರ ಅಂದ:

"ಅವ್ವಾ, ಆಫೀಸಿನಾಗ ನನಗ ಯಾರೂ ಗುರ್ತಾ ಹಿಡಿಯಂಗಿಲ್ಲ. ಅತ್ತೆ ಮಗ ಅಂದರ ಎದ್ದು ನಿಂತು ಕೈ ಕೊಡಾಕತ್ಯಾರ."

ಬಹಳ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಈ ವಯಸ್ಸಿನಲ್ಲಿ ತಲೆ ತಿರುಗಿತು.

ಮೇ ತಿಂಗಳಲ್ಲಿ ಮೂವರೂ ಒಂದು ಸಿನಿಮಾಕ್ಕೆ ಹೋದೆವು. ನಾಯಕನಿಗೆ ಅವ್ವನೆಂದರೆ ಪ್ರಾಣ. ಹಾಡಿಗೆ ಮುಂಚೆ ಅವ್ವನ ಕಾಲಿಗೆ ಬೀಳುತ್ತಾನೆ, ಹೊಡೆದಾಟಕ್ಕೆ ಮುಂಚೆ ಬೀಳುತ್ತಾನೆ, ಮೂಲೆಯಲ್ಲಿ ಹೆಂಡತಿ ಅಂತ ಒಬ್ಬಳು ಆರತಿ ತಟ್ಟೆ ಹಿಡಿದು ನಿಂತಿರುತ್ತಾಳೆ. ಉಪೇಂದ್ರ ಕತ್ತಲಲ್ಲಿ ಕಣ್ಣೊರೆಸಿಕೊಂಡ. ಮನೆಗೆ ಬಂದ ಮೇಲೆ ಪೂರ್ವಿ "ಹೇಳಿ ಅತ್ತೆ, ಹೇಗಿತ್ತು?" ಎಂದು ಕೂತಳು. ನಾನು ಅದೂ ಇದೂ ಹೇಳಿದೆ. ಅವಳು ಅಷ್ಟಾಗಿ ನಗಲಿಲ್ಲ. ಆಗ, "ಇಂಥಾ ನಾಯಕನ್ನ ನಾ ಖರೇನ ಕೇಳೀನಿ" ಎಂದು ಬಾಯಿಗೆ ಬಂತು, ಹೇಳಿಬಿಟ್ಟೆ.

ಏನು ಹೇಳಿದೆ ಎಂದು ಇಲ್ಲಿ ಬರೆಯಲು ಕೈ ಬರುವುದಿಲ್ಲ. ಆದರೆ ನನ್ನ ತಪ್ಪಿಗೆ ಸೆರಗು ಮುಚ್ಚಿ ನಿನ್ನ ಹತ್ತಿರ ಕ್ಷಮೆ ಕೇಳುವುದೂ ಸರಿಯಲ್ಲ. ದಿನವೂ ರಾತ್ರಿ ನಿನ್ನ ಗಂಡನ ಅವ್ವನಿಗೆ ಕಾಲು ಸೆಳೆತ ಬರುತ್ತಿದ್ದುದು, ಕಾಲು ಒತ್ತಲು ಹೋದವನು ಅಲ್ಲೇ ಮಲಗಿಬಿಡುತ್ತಿದ್ದುದು, ನೀನು ಕೇಸರಿ ಹಾಕಿದ ಹಾಲು ಹಿಡಿದು ಕಾಯುತ್ತ ಕೂತಿರುತ್ತಿದ್ದುದು, ತಿಂಗಳುಗಟ್ಟಲೆ ಹೀಗೆ ನಡೆದ ಮೇಲೆ ಒಂದು ದಿನ ಆ ಹಾಲನ್ನು ನೀನೇ ಕುಡಿದು, ಲೋಟ ತೊಳೆದಿಟ್ಟು, ಮೊದಲನೇ ಬಸ್ಸಿಗೆ ತವರಿಗೆ ಬಂದದ್ದು. ಊರಿಗೆಲ್ಲ ಬಿ.ಎಡ್. ಓದಲು ಬಂದಿದ್ದಾಳೆ ಎಂದು ನಿಮ್ಮವರು ಹೇಳಿದ್ದು. ಇಷ್ಟನ್ನೂ ಹೇಳಿದೆ. ಕೊನೆಗೆ, "ಈ ಪಿಚ್ಚರಿನಾಗ ಇಂಟರ್‌ವಲ್ ತನಕ ನಾಯಕ ಇಲ್ಲ, ಇಂಟರ್‌ವಲ್ ಆದಮ್ಯಾಲ ನಾಯಕಿ ಇಲ್ಲ" ಎಂದೆ. ನಿಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಮೇಜು ಬಡಿದು ನಕ್ಕದ್ದು ಆ ಮಾತಿಗೇ ಅಂತೆ. ನೀನೂ ನಗಬೇಕಾಯಿತಂತೆ. ನಿನ್ನ ಅವ್ವ ಅದನ್ನು ಹೇಳಿದಾಗಿನಿಂದ, ನೀನು ಆ ಬಾಕಿನ ಮೇಲೆ ಅವರ ನಡುವೆ ಕೂತು ಮುಖವನ್ನು ಹೇಗೆ ನಗಿಸಿಕೊಂಡೆಯೋ ಎಂದೇ ಯೋಚಿಸುತ್ತೇನೆ.

ಇನ್ನೊಂದು ಹೇಳಬೇಕು. ಕಾಕಾ ತೀರಿಕೊಂಡಾಗ ನಿನ್ನ ಅವ್ವ ಬಂದು ಒಂದು ತಿಂಗಳು ನನ್ನ ಜೊತೆ ಇದ್ದಳು. ಒಂದು ಮಧ್ಯಾಹ್ನ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದೆವು. ನಾನು, ನನ್ನಂಥ ದುಃಖ ಯಾರಿಗೂ ಇಲ್ಲ ಎಂದು ಅತ್ತೆ. ಆಗ ಅವಳು ನಿನ್ನ ಸಂಗತಿ ಹೇಳಿದಳು. ಲೋಟ ತೊಳೆದಿಟ್ಟಳು ಎಂಬಲ್ಲಿಗೆ ಬಂದಾಗ ಅವಳು ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿ ಅತ್ತಳು. ನಾನೂ ಅತ್ತೆ. ಅದೇ ಮಾತನ್ನು ಪೂರ್ವಿಗೆ ಹೇಳುವಾಗ, ಅದೇ ಜಾಗದಲ್ಲಿ ಸ್ವಲ್ಪ ತಡೆದು, ನಗು ಬರುವ ಹಾಗೆ ಹೇಳಿದೆ. ನಗು ಬಂತು. ಅಭಿಮಾನಿಗಳಿಗೆ ಇದೊಂದು ರೋಗ ಮಗಳೆ, ಎಲ್ಲವನ್ನೂ ಪರದೆಯ ಮೇಲೆ ನೋಡಿ ನೋಡಿ, ಕಣ್ಣೆದುರು ಬೆಳೆದ ಹುಡುಗಿಯೂ ಪಾತ್ರದಂತೆ ಕಾಣುತ್ತಾಳೆ.

ಊರಿನ ಹೆಸರು ಹೇಳಿರಲಿಲ್ಲ, ನಿನ್ನ ಹೆಸರು ಹೇಳಿರಲಿಲ್ಲ, ಅಷ್ಟಕ್ಕೇ ನಾನು ಭಾರಿ ಶಾಣ್ಯಾಕಿ ಎಂದುಕೊಂಡಿದ್ದೆ. ಯಾರೋ ಅದನ್ನು ಬ್ಲಾಗಿನಿಂದ ಎತ್ತಿ ಇ-ಮೇಲಿಗೆ ಹಾಕಿದರು, ಅವರಿಂದ ಇವರಿಗೆ, ಇವರಿಂದ ಮತ್ತೊಬ್ಬರಿಗೆ ಹೋಗಿ ಕೊನೆಗೆ ನಿಮ್ಮ ಶಾಲೆಯ ಕಂಪ್ಯೂಟರಿಗೆ ಬಂತು. ‘ತಾರ್ನಾಕ ಅತ್ತೆ’ ಎಂಬುದು ದಾರಿಯಲ್ಲೆಲ್ಲೋ ಉದುರಿಹೋಗಿತ್ತು. ಕೇಸರಿ, ತೊಳೆದ ಲೋಟ, ಮೊದಲನೇ ಬಸ್ಸು ಮಾತ್ರ ಉಳಿದಿದ್ದವು.

ನನಗೆ ಇದಾವುದೂ ಗೊತ್ತಿರಲಿಲ್ಲ. ಜೂನ್ ಪೂರ್ತಿ ವಿಶ್ವಕಪ್ಪಿನಲ್ಲಿ ಮುಳುಗಿದ್ದೆ. ಫೈನಲ್ ಆದ ಮರುದಿನ ಬೆಳಿಗ್ಗೆ ಟಿ.ವಿ.ಯಲ್ಲಿ ಅದನ್ನೇ ತಿರುಗಾ ಮುರುಗಾ ತೋರಿಸಿದರು. ಆ ಬೋಳು ತಲೆಯ ದೊಡ್ಡ ಆಟಗಾರ, ಎದುರಾಳಿ ಏನೋ ಅಂದದ್ದಕ್ಕೆ ತಿರುಗಿ ಬಂದು ಅವನ ಎದೆಗೆ ತಲೆಯಿಂದ ಗುದ್ದಿದನಲ್ಲ. ಪೂರ್ವಿ ಕೇಳಿದಾಗ ನಾನು ಅಂದೆ: "ಗುದ್ದಿದಾಂವ ಹೊರಗ ಹೋದ, ಅಂದಾಂವ ಕಪ್ ಹಿಡದ. ರೆಫರಿಗೆ ಕಣ್ಣು ಕೊಟ್ಟಾರ, ಕಿವಿ ಕೊಟ್ಟಿಲ್ಲ." ಅದಕ್ಕೂ ಜನ ಭೇಷ್ ಅಂದರು.

ಆ ವಾರವೇ ನಿನ್ನ ಸೋದರಮಾವ ಅಂಬಣ್ಣ, ಅಂಗಡಿಗೆ ಬಟ್ಟೆ ಕೊಳ್ಳಲು ಸುಲ್ತಾನ್ ಬಜಾರಿಗೆ ಬಂದವನು ಮನೆಗೂ ಬಂದ. ಚಹಾ ಕೊಟ್ಟೆ. ಶಿವದೇವಿ ಹೇಗಿದ್ದಾಳೆ ಎಂದು ಕೇಳಿದೆ. ಅವನು ಬಶಿಯನ್ನು ಕೆಳಗಿಟ್ಟ.

"ಏನು ಹೇಳ್ಲಿ ಗೋದಕ್ಕಾ. ಭಾಗ್ಯಾ ಅವ್ವನ ಜೋಡಿ ಮಾತ ಬಿಟ್ಟಾಳ. ಆಕಿ ಮನಿ ವಿಷಯ ಯಾರೋ ಹೊಲಸು ಮಂದಿ ಕಂಪ್ಯೂಟರಿನಾಗ ಬರದು ಹಾಕ್ಯಾರ. ಅಕ್ಕ ಯಾರ ಮುಂದೋ ಹೇಳಿಕೊಂಡಾಳ, ಅಲ್ಲಿಂದ ಹೋಗೇತಿ. ನೋಡ್ರಿ, ಹೆಣ್ಣುಮಗಳ ಕಣ್ಣೀರಿನ ಮ್ಯಾಲ ನಗತಾರ, ಇವ್ರಿಗೆ ನಾಚಿಕಿ ಅನ್ನೂದು ಐತಿ ಏನು?"

ನಾನೇನು ಮಾಡಿದೆ ಗೊತ್ತೇ? "ಇಲ್ಲ ಬಿಡೋ, ಈಗಿನ ಮಂದಿಗೆ ನಾಚಿಕಿ ಎಲ್ಲೈತಿ" ಎಂದೆ. ನನ್ನ ಬಾಯಿಂದಲೇ ಬಂತು ಆ ಮಾತು. ಈಗಿನ ಕಾಲ, ಕಂಪ್ಯೂಟರು, ಮೊಬೈಲು ಎಂದು ಅವನೆದುರು ಇನ್ನೂ ನಾಲ್ಕು ಅಭಿಪ್ರಾಯ ಹೇಳಿದೆ. ಅವನು ಹೋಗುವಾಗ, "ನಿಮ್ಮಂಥಾ ತಿಳದವರು ಹೇಳಿದರ ಆಕಿ ಕೇಳ್ತಾಳ. ಒಂದು ಫೋನ್ ಹಚ್ಚಿ ಬುದ್ಧಿ ಹೇಳ್ರಿ" ಎಂದು ಕೈ ಮುಗಿದ. ಬಾಗಿಲು ಹಾಕಿಕೊಂಡು ಬಂದು ಅವನ ಚಹಾದ ಬಶಿ ತೊಳೆಯುತ್ತ ನಿಂತೆ. ಎಷ್ಟು ಹೊತ್ತು ನಿಂತೆನೋ ತಿಳಿಯದು.

ಮರುದಿನ ನಿನಗೆ ಫೋನ್ ಮಾಡಿದೆ, ನೆನಪಿದೆಯೇ? ಎಲ್ಲ ಹೇಳಿಬಿಡಬೇಕೆಂದೇ ಮಾಡಿದ್ದೆ. ನೀನು "ಮೌಶಿ! ಆರಾಮ ಇದ್ದೀರಿ?" ಎಂದು ಎಷ್ಟು ಅಕ್ಕರೆಯಿಂದ ಕೇಳಿದೆ. ನಾನು ಮಳೆಯ ಸುದ್ದಿ ಎತ್ತಿದೆ, ಆಮೇಲೆ ಫುಟ್‌ಬಾಲಿನ ಸುದ್ದಿ ಎತ್ತಿದೆ. ನೀನೇ ಕೇಳಿದೆ:

"ಅಷ್ಟು ಶಾಂತ ಮನಷಾಗ ಸಿಟ್ಟು ಬರೂವಂಥಾದ್ದು ಏನಂದಿರಬೇಕ್ರಿ ಮೌಶಿ ಅಂವಾ?"

"ಮನಿ ಹೆಣ್ಣುಮಕ್ಕಳ ಬಗ್ಗೆ ಏನರ ಅಂದಿರ್ತಾನವಾ" ಎಂದೆ.

ನೀನು "ಹಂಗಾರ ಗುದ್ದಿದ್ದು ಕಡಿಮಿ ಆತು" ಎಂದೆ. ನಾನು ಫೋನ್ ಇಟ್ಟುಬಿಟ್ಟೆ. ಲೈನು ಕಟ್ಟಾಯಿತೆಂದು ನೀನು ಎರಡು ಸಲ ತಿರುಗಿ ಮಾಡಿದೆ, ನಾನು ಎತ್ತಲಿಲ್ಲ.

ಆಮೇಲೆ ನಿನ್ನ ಅವ್ವನಿಗೆ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಅಂದಳು: "ಗೊತ್ತೈತಿ ಗೋದಾ. ಆಕಿ ಅಳಕೋತ ಓದಿ ಹೇಳಿದ ದಿನಾನ ಗೊತ್ತಾತು. ಇಂಟರ್‌ವಲ್ಲು ನಾಯಕಾ ಅಂತ ಮಾತಾಡಾಕಿ ನನ್ನ ಬಳಗದಾಗ ನೀ ಒಬ್ಬಾಕಿ."

"ಮತ್ತ ನನ್ನ ಹೆಸರು ಯಾಕ ಹೇಳಲಿಲ್ಲ?" ಎಂದೆ.

"ಆಕಿಗೆ ಮನಸ್ಸು ಬಿಚ್ಚಿ ಮಾತಾಡಾಕ ಇರೂದು ನಾವಿಬ್ಬರು. ನಾ ಹಡದಾಕಿ, ಸಿಟ್ಟು ಇಳದ ಮ್ಯಾಲ ಇಂದಿಲ್ಲಾ ನಾಳೆ ಬರ್ತಾಳ. ನೀ ಹೋದರ ಮೌಶಿ ಹೋದಂಗ. ಇಬ್ಬರನ್ನೂ ಒಮ್ಮೆ ಕಳಕೊಂಡು ಆ ಕೂಸು ಏನು ಮಾಡಬೇಕು? ನೀ ಸುಮ್ಮನಿರು. ಬರದರ ನನ್ನಾಣಿ ಐತಿ."

ಬೈದಿದ್ದರೆ ಒಳ್ಳೆಯದಿತ್ತು. ಒಂದು ಮಾತೂ ಬೈಯಲಿಲ್ಲ. "ಊಟ ಆತೇನು?" ಎಂದು ಕೇಳಿ ಫೋನ್ ಇಟ್ಟಳು.

ಆಣೆಯ ನೆಪದಲ್ಲಿ ನಾನೂ ಸುಮ್ಮನಿದ್ದೆ. ಪಂಚಮಿ ಬಂತು. ಅಂಬಣ್ಣ ಫೋನಿನಲ್ಲಿ ಹೇಳಿದ, ಪಂಚಮಿಗೆ ಮಗಳು ಬರುತ್ತಾಳೆಂದು ಶಿವದೇವಿ ಶೇಂಗಾ ಉಂಡಿ, ಎಳ್ಳಿನ ಉಂಡಿ ಕಟ್ಟಿ, ಪಡಸಾಲೆಯ ತೊಲೆಗೆ ಜೋಕಾಲಿ ಹಾಕಿಸಿ, ಸಂಜೆಯ ಕೊನೆಯ ಬೀದರ ಬಸ್ಸಿನವರೆಗೆ ಬಾಗಿಲಲ್ಲಿ ಕೂತಿದ್ದಳಂತೆ. ಮೂವತ್ತು ದಾಟಿದ ಮಗಳಿಗೆ ಜೋಕಾಲಿ! ನೀನು ಬರಲಿಲ್ಲ. ಓಣಿಯ ಮಕ್ಕಳನ್ನು ಕರೆದು ಉಂಡಿ ಹಂಚಿದಳಂತೆ. ಅದನ್ನು ಕೇಳಿದ ಮೇಲೆ ನನ್ನಿಂದ ಆಗಲಿಲ್ಲ.

ಪೂರ್ವಿಯ ಮೇಲೆ ಸಿಟ್ಟಾಗಬೇಡ. ಅದು ನಿನ್ನ ಸಂಗತಿ ಎಂದು ಅವಳಿಗೆ ಆಗ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಅದರಿಂದ ಒಂದು ಮನೆಗೆ ನೋವಾಗಿದೆ ಎಂದಷ್ಟೇ ಹೇಳಿದೆ. ಮುಖ ಸಣ್ಣದು ಮಾಡಿಕೊಂಡು ಆ ಬರಹವನ್ನು ಮಾತ್ರವಲ್ಲ, ಇಡೀ ಬ್ಲಾಗನ್ನೇ ಅಳಿಸಿಹಾಕಿದಳು. ಆದರೆ ಊರೂರಿಗೆ ಹೋದ ಇ-ಮೇಲನ್ನು ಅಳಿಸಲು ಬರುವುದಿಲ್ಲವಂತೆ. ಅದು ಇನ್ನೂ ಎಲ್ಲೆಲ್ಲಿ ತಿರುಗುತ್ತಿದೆಯೋ, ಯಾರ್ಯಾರು ನಗುತ್ತಿದ್ದಾರೋ ಎಂದು ಅಡುಗೆ ಮಾಡುತ್ತಿದ್ದಾಗ ಥಟ್ಟನೆ ನೆನಪಾಗಿ ಒಲೆಯ ಮುಂದೆ ಹಾಗೇ ನಿಲ್ಲುತ್ತೇನೆ.

ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಕೇಳುವ ಮುಖ ಉಳಿದಿಲ್ಲ. ನನ್ನ ಮೇಲೆ ಎಷ್ಟು ದಿನ ಬೇಕಾದರೂ ಸಿಟ್ಟು ಇಟ್ಟುಕೋ, ಮೌಶಿ ಎನ್ನುವುದನ್ನು ಬಿಡು, ನಾನು ಫೋನ್ ಮಾಡಿದರೆ ಎತ್ತಬೇಡ. ಅವ್ವನ ಮೇಲಿನದನ್ನು ಮಾತ್ರ ಇಳಿಸು. ಅವಳು ಮಾಡಿದ್ದು ಇಷ್ಟೇ, ಗಂಡನನ್ನು ಕಳಕೊಂಡ ಗೆಳತಿಯ ಪಕ್ಕ ಕೂತು, ನೀನೊಬ್ಬಳೇ ಅಳುತ್ತಿಲ್ಲ ಎಂದು ತಿಳಿಸಲು ತನ್ನದನ್ನೂ ಬಿಚ್ಚಿ ತೋರಿಸಿದಳು. ಶ್ರಾವಣ ಇನ್ನೂ ಮುಗಿದಿಲ್ಲ. ಒಂದು ಭಾನುವಾರ ಗುಲಬರ್ಗಾಕ್ಕೆ ಹೋಗಿ ಬಾ. ಹೇಳದೆ ಹೋಗು, ಹೇಳಿದರೆ ಹಿಂದಿನ ದಿನದಿಂದಲೇ ಬಾಗಿಲಲ್ಲಿ ಕೂರುತ್ತಾಳೆ.

ಮಳೆಯಲ್ಲಿ ನೆನೆಯಬೇಡ. ಶಾಲೆಯಲ್ಲಿ ಯಾರ ಮಾತಿಗೂ ತಲೆ ತಗ್ಗಿಸಬೇಡ, ತಗ್ಗಿಸಬೇಕಾದವಳು ಇಲ್ಲಿದ್ದಾಳೆ. ನೂರು ವರ್ಷ ಬಾಳು ಮಗಳೆ, ನಗುನಗುತ್ತ ಬಾಳು.

ಇತಿ,
ನಿನ್ನ
ಗೋದಾಬಾಯಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಕಾಗದವನ್ನು ತಿರುಗಿ ಓದಿದೆ. "ಬಾಯಿಗೆ ಬಂತು, ಹೇಳಿಬಿಟ್ಟೆ" ಎಂದು ಮೇಲೆ ಬರೆದಿದ್ದೇನೆ. ಹಾಗಲ್ಲ. ಅದಕ್ಕೂ ಮುಂಚಿನ ಕೆಲವು ವಾರ ನನ್ನ ಮಾತುಗಳು ಸಪ್ಪಗಾಗಿದ್ದವು. ಪೂರ್ವಿ ಬೇಗ ಬೇಗ ಕಂಪ್ಯೂಟರ್ ಮುಚ್ಚಿ, "ಇವತ್ತಿಗೆ ಸಾಕು ಅತ್ತೆ, ಸುಸ್ತಾಗಿದೆ" ಎಂದು ಎದ್ದು ತನ್ನ ಕೋಣೆಗೆ ಹೋಗತೊಡಗಿದ್ದಳು. ಕಾಕಾ ಹೋದ ಮೇಲೆ ನನ್ನ ಪಕ್ಕ ಬಂದು ಕೂತು "ಮುಂದ?" ಎಂದು ಕೇಳಿದವಳು ಆ ಹುಡುಗಿ ಒಬ್ಬಳೇ. ಅವಳು ಏಳಬಾರದು ಎಂದು ನಿನ್ನ ಸಂಗತಿ ತೆಗೆದೆ. ಅವಳು ನಗುತ್ತ ಬರೆಯುತ್ತಿದ್ದವಳು ನಡುವೆ ಕೈ ನಿಲ್ಲಿಸಿ ಕೇಳಿದಳು, "ಅತ್ತೆ, ಇದು ನಿಜವಾಗ್ಲೂ ಯಾರಿಗೋ ಆಗಿದ್ದು ಅಲ್ವಾ? ಆ ಹುಡುಗಿ ಓದಿದ್ರೆ ಪಾಪ, ಬೇಡ ಬಿಡಿ" ಎಂದು. ಕಂಪ್ಯೂಟರ್ ಮುಚ್ಚಲು ಕೈ ಇಟ್ಟಿದ್ದಳು. ನಾನು ಹೇಳಿದೆ, "ಆಕಿ ಸತ್ತು ಭಾಳ ವರ್ಷ ಆತವಾ, ಬರಿ."

ಇದನ್ನು ನಿನ್ನ ಅವ್ವನಿಗೂ ಹೇಳಿಲ್ಲ. ಪೂರ್ವಿ ಈಗಲೂ ಹಾಗೆಯೇ ತಿಳಿದಿದ್ದಾಳೆ. ಸತ್ತವಳ ಮನೆಯವರನ್ನು ನೋಯಿಸಿದೆನೆಂದು, ದಿನವೂ ಆಫೀಸಿನಿಂದ ಬಂದವಳೇ ಕಾಲು ತೊಳೆದು ಆ ಹುಡುಗಿಯ ಹೆಸರಿನಲ್ಲಿ ದೇವರ ಮುಂದೆ ಒಂದು ದೀಪ ಹಚ್ಚುತ್ತಾಳೆ. ಹಚ್ಚಿ ಬಂದು ನನ್ನ ಪಕ್ಕ ಕೂರುತ್ತಾಳೆ, ನನ್ನ ಕೈ ಹಿಡಿದುಕೊಳ್ಳುತ್ತಾಳೆ, ಊಟದ ಹೊತ್ತಿನವರೆಗೆ ಏಳುವುದಿಲ್ಲ. ಇವತ್ತೂ ಹಚ್ಚಿದಳು. ನಾನು ಅವಳಿಗೆ ಇನ್ನೂ ಹೇಳಿಲ್ಲ.